ಬೋನು ಎಸೆದು ಬರೆಯಲು ಕೂತ ಬೇಟೆಗಾರ

ಬೀವರ್ ಎಂಬ ಪ್ರಾಣಿಯ ಮೈಮೇಲೆ ಎರಡು ಪದರ ಕೂದಲಿದೆ. ಹೊರಗೆ ಕಾಣುವುದು ಉದ್ದನೆಯ ಒರಟು ಕೂದಲು. ಅದನ್ನು ಬೆರಳಿನಿಂದ ಸರಿಸಿದರೆ ಒಳಗೆ ಅರಳೆಯಷ್ಟು ಮೆತ್ತನೆಯ ತುಪ್ಪಳ. ಅದು ಎಷ್ಟು ಒತ್ತಾಗಿದೆಯೆಂದರೆ, ಮಂಜು ತೇಲುವ ನೀರಿನಲ್ಲಿ ಗಂಟೆಗಟ್ಟಲೆ ಈಜಿದರೂ ಚರ್ಮಕ್ಕೆ ಚಳಿ ತಾಗುವುದಿಲ್ಲ. ಬೀವರ್ ಇಲಿ, ಅಳಿಲುಗಳ ದಂಶಕ ಗಣಕ್ಕೆ ಸೇರಿದ್ದು. ಬೆಳೆದದ್ದು ಇಪ್ಪತ್ತು ಕಿಲೊ ತೂಗುತ್ತದೆ. ಉತ್ತರ ಅಮೆರಿಕದ ಹೊಳೆಗಳಿಗೆ ಮರ, ಮಣ್ಣು, ಕಲ್ಲಿನಿಂದ ಒಡ್ಡು ಕಟ್ಟಿ, ನಿಂತ ನೀರಿನ ನಡುವೆ ಗೂಡು ಮಾಡಿಕೊಂಡು ಸಂಸಾರವಂದಿಗನಾಗಿ ಬದುಕುತ್ತದೆ. ಚಳಿಯಿಂದ ಅದನ್ನು ಕಾಪಾಡಿದ ಒಳಗೂದಲೇ ಅದಕ್ಕೆ ಮುಳುವಾಯಿತು. ಆ ಕೂದಲಿನ ಎಳೆಗಳಲ್ಲಿ ಕಣ್ಣಿಗೆ ಕಾಣದ ಕೊಕ್ಕೆಗಳಿವೆ. ಬಿಸಿ, ತೇವ, ಒತ್ತಡ ಕೊಟ್ಟರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿ ಹಾಳೆಯಾಗುತ್ತವೆ. ಅದೇ ಫೆಲ್ಟ್. ಯುರೋಪಿನಲ್ಲಿ ಮಾನವಂತನೆನಿಸಿಕೊಂಡವನ ತಲೆಯ ಮೇಲೆ ಎರಡು ಶತಮಾನಗಳಿಗೂ ಹೆಚ್ಚು ಕಾಲ ಕೂತದ್ದು ಈ ಫೆಲ್ಟಿನ ಟೊಪ್ಪಿ.

ಈ ಟೊಪ್ಪಿಗಾಗಿಯೇ ಒಂದು ಖಂಡದ ವ್ಯಾಪಾರ ಬೆಳೆಯಿತು. 1670ರಲ್ಲಿ ಇಂಗ್ಲೆಂಡಿನ ದೊರೆಯಿಂದ ಸನ್ನದು ಪಡೆದ ಹಡ್ಸನ್ಸ್ ಬೇ ಕಂಪನಿಗೆ ಬೀವರ್ ಚರ್ಮವೇ ಬಂಡವಾಳ. ಮೂಲನಿವಾಸಿಗಳು ಒಂದೆರಡು ಚಳಿಗಾಲ ಮೈಮೇಲೆ ಹೊದ್ದು, ಒರಟು ಕೂದಲು ತಾನಾಗಿ ಉದುರಿ, ಬರೀ ತುಪ್ಪಳ ಉಳಿದ ಹಳೆಯ ಚರ್ಮಕ್ಕೆ ಹೊಸ ಚರ್ಮಕ್ಕಿಂತ ಬೆಲೆ ಹೆಚ್ಚಿತ್ತು. ಅದರ ಬದಲಿಗೆ ಅವರಿಗೆ ಕೋವಿ, ಕಂಬಳಿ, ಪಾತ್ರೆ ಸಿಗುತ್ತಿತ್ತು. 1840ರ ಹೊತ್ತಿಗೆ ರೇಷ್ಮೆ ಟೊಪ್ಪಿ ಬಂದು ಫೆಲ್ಟಿನ ಬೇಡಿಕೆ ತಗ್ಗಿತು. ಆಮೇಲೆ ತುಪ್ಪಳದ ಕೋಟಿನ ಕಾಲ ಬಂತು. ಕೋಟಿಗಟ್ಟಲೆ ಇದ್ದ ಬೀವರ್ 20ನೇ ಶತಮಾನ ಹುಟ್ಟುವಾಗ ಎಷ್ಟೋ ನದಿಗಳಿಂದ ಪೂರ್ತಿ ಮರೆಯಾಗಿತ್ತು.

ಉಡುಪಿಗಾಗಿ ಪ್ರಾಣಿಗಳನ್ನು ಕೊಲ್ಲುವುದರ ವಿರುದ್ಧ ಲೇಖನಿಯ ಬಲ ಮೊದಲು ಕಂಡದ್ದು ತುಪ್ಪಳಕ್ಕಿಂತ ಗರಿಯ ವಿಷಯದಲ್ಲಿ. ಬೆಳ್ಳಕ್ಕಿಯ ಜಾತಿಯ ಹಕ್ಕಿಗಳ ಬೆನ್ನಿನ ಮೇಲೆ ಗೂಡು ಕಟ್ಟುವ ಕಾಲದಲ್ಲಿ ಮಾತ್ರ ನವಿರಾದ ಬಿಳಿ ಗರಿಗಳು ಮೂಡುತ್ತವೆ. ಹೆಂಗಸರ ಟೊಪ್ಪಿಗೆ ಆ ಗರಿ ಬೇಕೆಂದರೆ ಹಕ್ಕಿಯನ್ನು ಗೂಡಿನ ಪಕ್ಕದಲ್ಲೇ ಹೊಡೆಯಬೇಕು. ಮರಿಗಳು ಬಾಯಿ ತೆರೆದುಕೊಂಡು ಕಾದು ಕಾದು ಸಾಯುತ್ತವೆ. 1889ರಲ್ಲಿ ಇಂಗ್ಲೆಂಡಿನ ಎಮಿಲಿ ವಿಲಿಯಮ್ಸನ್ ಗರಿ ತೊಡುವುದಿಲ್ಲವೆಂದು ಪಣ ತೊಟ್ಟ ಹೆಂಗಸರ ಒಂದು ಸಂಘ ಕಟ್ಟಿದಳು. ಇಂದಿನ ಬ್ರಿಟನ್ನಿನ ದೊಡ್ಡ ಪಕ್ಷಿ ಸಂರಕ್ಷಣಾ ಸಂಸ್ಥೆಯ ಬೇರು ಅಲ್ಲಿದೆ. ಪ್ರಕೃತಿ ಲೇಖಕ ಡಬ್ಲ್ಯು. ಎಚ್. ಹಡ್ಸನ್ ಆ ಸಂಘಕ್ಕಾಗಿ ಕಿರುಹೊತ್ತಗೆಗಳನ್ನು ಬರೆದ. ಭಾರತದಿಂದಲೂ ಹೇರಳವಾಗಿ ಗರಿ ಹೋಗುತ್ತಿತ್ತು. 1902ರಲ್ಲಿ ಇಲ್ಲಿನ ಬ್ರಿಟಿಷ್ ಸರ್ಕಾರ ಅದರ ರಫ್ತು ನಿಲ್ಲಿಸಿತು. ಬ್ರಿಟನ್ನಿಗೆ ಆಮದು ನಿಷೇಧಿಸುವ ಕಾಯ್ದೆ ಬರಲು 1921ರ ತನಕ ಕಾಯಬೇಕಾಯಿತು. ಮೂವತ್ತು ವರ್ಷಗಳ ಕರಪತ್ರ, ಪತ್ರಿಕಾ ಪತ್ರ, ಲೇಖನಗಳ ನಂತರ ಬಂದ ಕಾಯ್ದೆ ಅದು.

ತುಪ್ಪಳದ ವಿಷಯದಲ್ಲಿ ಅಂಥ ದನಿ ಎದ್ದದ್ದು ಯಾರೂ ಎಣಿಸದ ಕಡೆಯಿಂದ. ಬೋನು ಇಟ್ಟು ಹೊಟ್ಟೆ ಹೊರೆಯುತ್ತಿದ್ದವನೇ ಬರೆಯಲು ಕೂತ.

ಆತ ಓದುಗರಿಗೆ ಪರಿಚಯವಾದದ್ದು ಗ್ರೇ ಔಲ್, ಅಂದರೆ ಬೂದು ಗೂಬೆ, ಎಂಬ ಹೆಸರಿನಲ್ಲಿ. ಹುಟ್ಟುಹೆಸರು ಆರ್ಚಿಬಾಲ್ಡ್ ಬೆಲೇನಿ. 1888ರಲ್ಲಿ ಇಂಗ್ಲೆಂಡಿನ ಕಡಲೂರು ಹೇಸ್ಟಿಂಗ್ಸ್‌ನಲ್ಲಿ ಹುಟ್ಟಿ, ಇಬ್ಬರು ಸೋದರತ್ತೆಯರ ಕೈಯಲ್ಲಿ ಬೆಳೆದ. ತಂದೆ ಮನೆಯಲ್ಲಿರಲಿಲ್ಲ. ಹುಡುಗನ ತಲೆ ತುಂಬ ಅಮೆರಿಕದ ಮೂಲನಿವಾಸಿಗಳ ಕತೆಗಳೇ. 1906ರಲ್ಲಿ, ಇನ್ನೂ ಹದಿನೇಳರ ಪ್ರಾಯದಲ್ಲಿ, ಹಡಗು ಹತ್ತಿ ಕೆನಡಾಕ್ಕೆ ಹೋದ. ಉತ್ತರ ಒಂಟಾರಿಯೊದ ಟೆಮಾಗಾಮಿ ಕಾಡುಗಳಲ್ಲಿ ಒಜಿಬ್ವೆ ಜನರ ನಡುವೆ ಇದ್ದು ದೋಣಿ ನಡೆಸುವುದು, ಹಿಮಪಾದುಕೆ ಕಟ್ಟಿಕೊಂಡು ನಡೆಯುವುದು, ಬೋನು ಹೂಡುವುದು ಎಲ್ಲವನ್ನೂ ಕಲಿತ. ಒಜಿಬ್ವೆ ಹೆಣ್ಣನ್ನು ಮದುವೆಯಾದ. ಮೊದಲ ಮಹಾಯುದ್ಧದಲ್ಲಿ ಕಾಲಿಗೆ ಪೆಟ್ಟು ತಿಂದು ಮರಳಿ ಕಾಡು ಸೇರಿದ. ಕೇಳಿದವರಿಗೆಲ್ಲ ತನ್ನ ತಾಯಿ ಅಪಾಚೆ ಬುಡಕಟ್ಟಿನವಳು ಎಂದು ಹೇಳುತ್ತಿದ್ದ.

ಬೀವರ್‌ಗೆ ಹೂಡುವ ಬೋನು ಎಂದರೆ ಸ್ಪ್ರಿಂಗ್ ಕಟ್ಟಿದ ಉಕ್ಕಿನ ಎರಡು ದವಡೆ. ಒಡ್ಡಿನ ಬಳಿ ಪ್ರಾಣಿ ಓಡಾಡುವ ದಾರಿಯಲ್ಲಿ ನೀರಿನಡಿ ಇಡುತ್ತಾರೆ. ಕಾಲಿಟ್ಟ ಕೂಡಲೇ ದವಡೆ ಕಚ್ಚಿಕೊಳ್ಳುತ್ತದೆ. ಗಾಬರಿಯಿಂದ ಆಳಕ್ಕೆ ಧುಮುಕಿದ ಪ್ರಾಣಿಯನ್ನು ಸರಪಳಿಯೂ ಭಾರವೂ ಮೇಲೇಳಲು ಬಿಡುವುದಿಲ್ಲ. ಬೀವರ್ ಹದಿನೈದು ನಿಮಿಷದವರೆಗೆ ಉಸಿರು ಹಿಡಿಯಬಲ್ಲದು. ಈಜಲೆಂದೇ ಒದಗಿದ ಆ ವರ ಬೋನಿನಲ್ಲಿ ಸಂಕಟವನ್ನು ಹಿಗ್ಗಿಸುತ್ತದೆ. ನೆಲದ ಮೇಲೆ ಸಿಕ್ಕಿಬಿದ್ದ ನರಿಯಂಥ ಪ್ರಾಣಿಗಳ ಪಾಡು ಇನ್ನೂ ದೀರ್ಘ. ಬೇಟೆಗಾರ ಬರುವವರೆಗೆ ಅವು ತಮ್ಮ ಕಾಲನ್ನು ತಾವೇ ಕಡಿದುಕೊಂಡದ್ದೂ ಉಂಟು. ವಸಂತದಲ್ಲಿ ಬೋನು ಹೂಡಿದರೆ ತಾಯಿ ಸಿಗುತ್ತಾಳೆ, ಗೂಡಿನಲ್ಲಿ ಮರಿಗಳು ಉಳಿಯುತ್ತವೆ. ಹಳೆಯ ಮೂಲನಿವಾಸಿ ಬೇಟೆಗಾರರು ತಂತಮ್ಮ ಪಾಲಿನ ಕಾಡಿನಲ್ಲಿ ಯಾವ ಗೂಡಿನಿಂದ ಎಷ್ಟು ತೆಗೆಯಬೇಕು, ಎಷ್ಟು ಉಳಿಸಬೇಕು ಎಂದು ಲೆಕ್ಕವಿಟ್ಟು ನಡೆಯುತ್ತಿದ್ದರು. ಯುದ್ಧದ ನಂತರ ತುಪ್ಪಳದ ಬೆಲೆ ಏರಿದಾಗ ರೈಲು ಹಿಡಿದು ಬಂದವರಿಗೆ ಆ ಲೆಕ್ಕ ಬೇಕಿರಲಿಲ್ಲ.

1925ರಲ್ಲಿ ಬೆಲೇನಿಗೆ ಅನಹಾರಿಯೊ ಎಂಬ ಮೊಹಾಕ್ ತರುಣಿಯ ಪರಿಚಯವಾಯಿತು. ಆಕೆ ಪಟ್ಟಣದಲ್ಲಿ ಬೆಳೆದವಳು. ಅವನ ಜೊತೆ ಬೋನುದಾರಿಯಲ್ಲಿ ನಡೆದಾಗ ಕಂಡ ಸಾವುಗಳು ಅವಳನ್ನು ಕಲಕಿದವು. 1928ರ ವಸಂತದಲ್ಲಿ ಬೆಲೇನಿ ಒಂದು ಗೂಡಿನ ಬಳಿ ತಾಯಿ ಬೀವರ್‌ಗೆ ಬೋನು ಹೂಡಿದ. ಬೋನಿನ ಸಮೇತ ತಾಯಿ ಕಣ್ಮರೆಯಾಯಿತು. ಮರುದಿನ ಎರಡು ಪುಟ್ಟ ತಲೆಗಳು ನೀರಿನ ಮೇಲೆ ತೇಲುತ್ತಿದ್ದವು. ಅನಾಥ ಮರಿಗಳು ಹಸಿದು ಸಾಯುವ ಬದಲು ಒಂದೇ ಏಟಿಗೆ ಹೋಗಲೆಂದು ಆತ ಕೋವಿ ಎತ್ತಿದ. ಅನಹಾರಿಯೊ ಬೇಡವೆಂದಳು. ಅವೆರಡನ್ನೂ ದೋಣಿಗೆ ಹಾಕಿಕೊಂಡು ಬಂದರು.

ಮರಿಗಳಿಗೆ ಮೆಕ್‌ಗಿನಿಸ್, ಮೆಕ್‌ಗಿಂಟಿ ಎಂದು ಹೆಸರಿಟ್ಟರು. ಎರಡೂ ಎಳೆಗೂಸುಗಳಂತೆ ದನಿ ತೆಗೆದು ಅಳುತ್ತಿದ್ದವು, ಎತ್ತಿಕೊಂಡರೆ ಕತ್ತಿಗೆ ಆತುಕೊಳ್ಳುತ್ತಿದ್ದವು. ಚಳಿಗಾಲದ ಮರದ ಗುಡಿಸಲಿನಲ್ಲಿ ಮೇಜಿನ ಕಾಲು ಕಡಿದವು, ಒಲೆಯ ಸೌದೆ ಎಳೆದು ತಂದು ಮೂಲೆಯಲ್ಲಿ ಒಡ್ಡು ಕಟ್ಟಲು ನೋಡಿದವು. ಕಟ್ಟುವ ಬುದ್ಧಿ ತಾಯಿ ಕಲಿಸದೆಯೂ ಅವುಗಳಲ್ಲಿತ್ತು. ಇಂಥ ಜೀವಗಳ ಚರ್ಮ ಸುಲಿದು ತಾನು ಇಷ್ಟು ವರ್ಷ ಬದುಕಿದೆನೆಂಬ ಅರಿವು ಆತನಿಗೆ ತಡೆಯಲಾಗದಂತೆ ಬಂತು. ಬೀವರ್ ಬೇಟೆಯನ್ನು ಬಿಟ್ಟುಬಿಟ್ಟ. ಇದು ಸಣ್ಣ ಮಾತಲ್ಲ. ಬೇರೆ ಕಸುಬು ಗೊತ್ತಿಲ್ಲದ ನಲವತ್ತರ ಗಂಡಸು, ಸಾಲವಿದ್ದವನು, ಕೈಯಾರೆ ಕೂಳು ಬಿಟ್ಟ. 1929ರ ವಸಂತದಲ್ಲಿ ಆ ಎರಡು ಬೀವರ್‌ಗಳು ನೀರಿಗಿಳಿದವು, ಮರಳಲಿಲ್ಲ. ಇಬ್ಬರೂ ಕೆರೆ ಕೆರೆ ಅಲೆದು ಹೆಸರು ಹಿಡಿದು ಕೂಗಿದರೂ ಸಿಗಲಿಲ್ಲ.

ಅಷ್ಟರಲ್ಲಿ ಬರವಣಿಗೆ ಶುರುವಾಗಿತ್ತು. 1929ರಲ್ಲಿ ಲಂಡನ್ನಿನ ‘ಕಂಟ್ರಿ ಲೈಫ್’ ಪತ್ರಿಕೆ ಆತನ ಮೊದಲ ಲೇಖನ ಅಚ್ಚು ಹಾಕಿತು. ಕೆನಡಾದ ಅರಣ್ಯ ಪತ್ರಿಕೆಯೊಂದು ಸಾಲಾಗಿ ಲೇಖನ ಬರೆಸಿತು. 1931ರಲ್ಲಿ ಮೊದಲ ಪುಸ್ತಕ ‘ದಿ ಮೆನ್ ಆಫ್ ದಿ ಲಾಸ್ಟ್ ಫ್ರಾಂಟಿಯರ್’ ಬಂತು. ಆ ಮರಿಗಳ ಕತೆ ಹೇಳುವ ‘ಪಿಲ್‌ಗ್ರಿಮ್ಸ್ ಆಫ್ ದಿ ವೈಲ್ಡ್’ ಆಮೇಲೆ ಬಂದು ಆತನನ್ನು ಮನೆಮಾತಾಗಿಸಿತು. ಮಕ್ಕಳಿಗಾಗಿ ಬರೆದ ಸಾಜೊ ಎಂಬ ಹುಡುಗಿಯ ಕತೆಯೂ ಬೀವರ್ ಮರಿಗಳದೇ. ಈ ಪುಸ್ತಕಗಳಲ್ಲಿ ವಾದ ಕಡಿಮೆ, ವಿವರ ಹೆಚ್ಚು. ಒಂದು ಮರಿ ಹೇಗೆ ನಿದ್ದೆಹೋಗುತ್ತದೆ, ಹೇಗೆ ಮುನಿಯುತ್ತದೆ, ಒಡ್ಡು ಒಡೆದ ಸದ್ದಿಗೆ ಹೇಗೆ ಓಡುತ್ತದೆ ಎಂಬುದನ್ನು ಓದಿದವರಿಗೆ ಕೋಟಿನ ಕಾಲರಿನಲ್ಲಿ ಬರೀ ಬಟ್ಟೆ ಕಾಣುವುದು ಸಾಧ್ಯವಿರಲಿಲ್ಲ. ಆತನ ಬರವಣಿಗೆಯ ಕಸುವು ಇದೇ. ಬೋನು ಹೂಡಿದ ಕೈ ಬರೆದದ್ದರಿಂದ ಬೇಟೆಗಾರರೂ ಅದನ್ನು ಪಟ್ಟಣದವರ ಮೃದುಮನಸ್ಸೆಂದು ತಳ್ಳಿಹಾಕಲಾಗಲಿಲ್ಲ.

ಕೆನಡಾ ಸರ್ಕಾರ ಆತನಿಗೆ ರಾಷ್ಟ್ರೀಯ ಉದ್ಯಾನದಲ್ಲಿ ಕೆಲಸ ಕೊಟ್ಟಿತು. ಸಸ್ಕಾಚೆವಾನಿನ ಪ್ರಿನ್ಸ್ ಆಲ್ಬರ್ಟ್ ಉದ್ಯಾನದ ಅಜಾವಾನ್ ಕೆರೆಯ ದಡದಲ್ಲಿ ಆತನ ಮನೆ. ಜೆಲ್ಲಿ ರೋಲ್, ರಾಹೈಡ್ ಎಂಬ ಬೀವರ್ ಜೋಡಿ ಕೆರೆಯಿಂದ ನೇರ ಮನೆಯೊಳಗೆ ಬರುವಂತೆ ತಮ್ಮ ಗೂಡಿನ ಅರ್ಧವನ್ನು ಆ ಮನೆಯೊಳಗೇ ಕಟ್ಟಿಕೊಂಡಿದ್ದವು. 1935ರಿಂದ ಬ್ರಿಟನ್ನಿನಲ್ಲಿ ಎರಡು ಸಲ ಉಪನ್ಯಾಸ ಪ್ರವಾಸ ನಡೆಯಿತು. ಲೆಸ್ಟರಿನ ಸಭೆಗೆ ಬಂದಿದ್ದ ಇಬ್ಬರು ಅಣ್ಣತಮ್ಮಂದಿರೆಂದರೆ ಮುಂದೆ ‘ಗಾಂಧಿ’ ಚಿತ್ರ ಮಾಡಿದ ರಿಚರ್ಡ್ ಅಟೆನ್‌ಬರೋ ಮತ್ತು ವನ್ಯಜೀವಿ ಚಿತ್ರಗಳಿಂದ ಲೋಕಕ್ಕೆಲ್ಲ ಗೊತ್ತಾದ ಡೇವಿಡ್ ಅಟೆನ್‌ಬರೋ. 1937ರಲ್ಲಿ ಬಿಬಿಸಿಯ ಮಕ್ಕಳ ಕಾರ್ಯಕ್ರಮಕ್ಕೆ ಬರೆದ ಭಾಷಣದಿಂದ ನರಿಬೇಟೆಯನ್ನು ಖಂಡಿಸುವ ಮಾತು ತೆಗೆಯಬೇಕೆಂದು ಕೇಳಿದಾಗ ಆತ ಒಪ್ಪಲಿಲ್ಲ. ಪ್ರಸಾರ ರದ್ದಾಯಿತು.

1938ರ ಏಪ್ರಿಲ್ 13ರಂದು ಆತ ತೀರಿಕೊಂಡ. ಕೂಡಲೇ ಒಂಟಾರಿಯೊದ ಒಂದು ಪತ್ರಿಕೆ ಆತ ಮೂಲನಿವಾಸಿಯಲ್ಲ, ಇಂಗ್ಲೆಂಡಿನವನು ಎಂಬ ಸತ್ಯ ಹೊರಹಾಕಿತು. ಬೇರೆ ಬೇರೆ ಕಡೆ ಬಿಟ್ಟುಬಂದ ಹೆಂಡಿರ ಸಂಗತಿಯೂ ಬಯಲಾಯಿತು. ಓದುಗರು ಮೋಸಹೋದೆವೆಂದುಕೊಂಡರು. ಇನ್ನೊಂದು ಜನಾಂಗದ ಗುರುತನ್ನು ತೊಟ್ಟುಕೊಂಡದ್ದು ತಪ್ಪು. ಇಂದಿನ ಮೂಲನಿವಾಸಿ ಲೇಖಕರು ಅದನ್ನು ಕ್ಷಮಿಸಬೇಕಿಲ್ಲ. ಆದರೆ ಬೋನಿನ ಬಗ್ಗೆ, ಮರಿಗಳ ಬಗ್ಗೆ ಆತ ಬರೆದದ್ದು ಸುಳ್ಳಾಗಲಿಲ್ಲ. ಅನಹಾರಿಯೊ 1972ರಲ್ಲಿ ತನ್ನದೇ ನೆನಪಿನ ಪುಸ್ತಕ ಬರೆದಳು. ಕೊನೆಯವರೆಗೂ ಪ್ರಾಣಿಗಳ ಪರ ದುಡಿದ ಆಕೆಗೆ 1983ರಲ್ಲಿ ಕೆನಡಾದ ನಾಗರಿಕ ಗೌರವ ಸಂದಿತು. ಕೋವಿಯ ಮುಂದೆ ಬೇಡವೆಂದವಳು ಆಕೆ. ಈ ಕತೆಯ ಅರ್ಧ ಶ್ರೇಯಸ್ಸಾದರೂ ಆಕೆಗೆ ಸಲ್ಲಬೇಕು.

ಆಮೇಲೆ ತುಪ್ಪಳದ ಬಹುಪಾಲು ಕಾಡಿನಿಂದ ಫಾರ್ಮಿಗೆ ಬಂತು. ಮಿಂಕ್ ನೀರಿನ ದಡದಲ್ಲಿ ಒಂಟಿಯಾಗಿ ಅಲೆಯುವ ಪ್ರಾಣಿ. ಫಾರ್ಮಿನಲ್ಲಿ ಅದು ತಂತಿಬಲೆಯ ಗೂಡಿನಲ್ಲಿ ಅತ್ತಿಂದಿತ್ತ ಒಂದೇ ಸಮನೆ ಸುತ್ತುತ್ತದೆ. ಹುಟ್ಟಿ ಏಳೆಂಟು ತಿಂಗಳಿಗೆ ವಿಷಾನಿಲದಿಂದ ಸಾಯುತ್ತದೆ. ಉದ್ದನೆಯ ಒಂದು ಕೋಟಿಗೆ ಐವತ್ತರ ಆಸುಪಾಸು ಮಿಂಕ್ ಬೇಕು. ಬ್ರಿಟನ್ 2000ದಲ್ಲಿ ಇಂಥ ಫಾರ್ಮುಗಳನ್ನು ನಿಷೇಧಿಸುವ ಕಾಯ್ದೆ ತಂದಿತು. 2020ರಲ್ಲಿ ಕೊರೊನಾ ವೈರಸ್ ಮಿಂಕ್‌ಗಳಿಗೂ ತಗುಲಿದಾಗ ಡೆನ್ಮಾರ್ಕ್ ಒಂದೂವರೆ ಕೋಟಿಗೂ ಹೆಚ್ಚು ಮಿಂಕ್‌ಗಳನ್ನು ಕೊಲ್ಲಲು ಆಜ್ಞೆ ಮಾಡಿತು, ನೆದರ್‌ಲೆಂಡ್ಸ್ ಆ ಉದ್ಯಮವನ್ನೇ ಮುಚ್ಚಲು ತೀರ್ಮಾನಿಸಿತು. 2021ರಲ್ಲಿ ಇಸ್ರೇಲ್ ಫ್ಯಾಷನ್ನಿಗಾಗಿ ತುಪ್ಪಳ ಮಾರುವುದನ್ನು ನಿಷೇಧಿಸಿದ ಮೊದಲ ದೇಶವಾಯಿತು. ಭಾರತ 2017ರಲ್ಲಿ ಮಿಂಕ್, ನರಿ, ಚಿಂಚಿಲಾ ತುಪ್ಪಳದ ಆಮದು ನಿಲ್ಲಿಸಿದೆ.

ಭಾರತಕ್ಕೆ ತನ್ನದೇ ಒಂದು ಲೆಕ್ಕವೂ ಇದೆ. ಉಂಗುರದೊಳಗಿಂದ ತೂರುವಷ್ಟು ನವಿರಾದ ಶಹತೂಷ್ ಶಾಲು ಟಿಬೆಟ್ಟಿನ ಚಿರು ಎಂಬ ಜಿಂಕೆಯಂಥ ಪ್ರಾಣಿಯ ಒಳಗೂದಲಿನದು. ಪೊದೆಗಳಿಗೆ ಸಿಕ್ಕಿಕೊಂಡು ಉದುರಿದ ಕೂದಲನ್ನು ಆಯ್ದು ನೇಯುತ್ತಾರೆಂದು ವ್ಯಾಪಾರಿಗಳು ಹೇಳುತ್ತಿದ್ದರು. ಪ್ರಾಣಿತಜ್ಞ ಜಾರ್ಜ್ ಶಾಲರ್ ಆ ಎತ್ತರದ ಬಯಲುಗಳಲ್ಲಿ ವರ್ಷಗಟ್ಟಲೆ ಅಲೆದು ಅದು ಕಟ್ಟುಕತೆಯೆಂದು ಬರೆದ. ಒಂದು ಶಾಲಿಗೆ ಮೂರರಿಂದ ಐದು ಚಿರು ಸಾಯಬೇಕು. 2002ರಲ್ಲಿ ಜಮ್ಮು-ಕಾಶ್ಮೀರವೂ ಈ ವ್ಯಾಪಾರವನ್ನು ಕಾನೂನುಬಾಹಿರವಾಗಿಸಿತು.

ಉತ್ತರ ಧ್ರುವದ ಬಳಿಯ ಇನ್ಯೂಯಿಟ್ ಜನರ ಪಾಡು ಬೇರೆ. ಹತ್ತಿ ಬೆಳೆಯದ, ಬೇಸಾಯವಿಲ್ಲದ ನೆಲದಲ್ಲಿ ಅವರು ಸೀಲ್ ಮಾಂಸ ಉಂಡು, ಅದರ ಚರ್ಮ ಉಟ್ಟು ಬಂದವರು. 1983ರಲ್ಲಿ ಯುರೋಪ್ ಸೀಲ್ ಮರಿಗಳ ಚರ್ಮ ನಿಷೇಧಿಸಿದಾಗ ಮಾರುಕಟ್ಟೆಯೇ ಕುಸಿದು ಅವರ ಗಳಿಕೆಯೂ ಹೋಯಿತು. ತುಪ್ಪಳ ಬೇಡವೆನ್ನುವವರು ಈ ನಷ್ಟವನ್ನು ಮರೆಯುವುದು ನ್ಯಾಯವಲ್ಲ. 2009ರ ಯುರೋಪಿನ ನಿಯಮ ಅವರ ಸಾಂಪ್ರದಾಯಿಕ ಬೇಟೆಗೆ ವಿನಾಯಿತಿ ಕೊಟ್ಟಿದೆ. ಫ್ಯಾಷನ್ನಿಗೆ ಅಂಥ ಯಾವ ಕಾರಣವೂ ಇಲ್ಲ.

ಟೊರಾಂಟೊ, ಮಿನಿಯಾಪೊಲಿಸ್‌ನಂಥ ಊರುಗಳಿಗೆ ಓದಲು, ದುಡಿಯಲು ಹೋಗುವ ಕನ್ನಡಿಗರು ಮೊದಲ ಚಳಿಗಾಲಕ್ಕೇ ದಪ್ಪ ಕೋಟು ಕೊಳ್ಳಬೇಕಾಗುತ್ತದೆ. ಅದರ ತಲೆಗವಸಿನ ಅಂಚಿಗೆ ಹೊಲಿದ ತುಪ್ಪಳ ಕಯೋಟಿಯದೋ ನರಿಯದೋ ಇರಬಹುದು. ಬೆಲೆ ಕಡಿಮೆಯಿದ್ದ ಮಾತ್ರಕ್ಕೆ ಕೃತಕವೆಂದು ನಂಬಬೇಡಿ. ಕೂದಲನ್ನು ಬೆರಳಿನಿಂದ ಬಿಡಿಸಿ ಬುಡ ನೋಡಿ. ನೇಯ್ದ ಬಟ್ಟೆ ಕಂಡರೆ ಕೃತಕ. ಚರ್ಮ ಕಂಡರೆ ಅದು ಒಂದು ಪ್ರಾಣಿಯದು. ಆಗ ಕೋಟನ್ನು ಅಲ್ಲೇ ಬಿಟ್ಟು ಬನ್ನಿ, ಯಾಕೆ ಬಿಟ್ಟಿರೆಂದು ಅಂಗಡಿಯವರಿಗೆ ಎರಡು ಸಾಲು ಬರೆದು ತಿಳಿಸಿ.