ವಾಕ್ಯದ ತುದಿಯ ಮಾತು

ಉಪನ್ಯಾಸ ಕೇಳುವಾಗ ಮುಖ್ಯಪದವನ್ನು ಗುರುತಿಸುವುದು ಹೇಗೆ? ಬಳ್ಳಾರಿಯಲ್ಲಿ ಏಕೀಕರಣದ ಪಾಠ ಮಾಡುತ್ತ ಒಮ್ಮೆ ಹೇಳಿದೆ: “1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಇಡಿಯಾಗಿ ಮೈಸೂರಿಗೆ ಸೇರಿತೆನ್ನುವುದು ಸರಿಯಲ್ಲ; ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಹೋದವು.”

ಸಿರುಗುಪ್ಪದಿಂದ ಬರುತ್ತಿದ್ದ ಚುರುಕು ಹುಡುಗ ‘ಇಡಿಯಾಗಿ ಸೇರಿತು’ ಎಂದು ಬರೆದುಕೊಂಡು, ತಾರೀಖಿನಡಿ ಗೆರೆ ಎಳೆಯುವುದರಲ್ಲಿ ಮುಳುಗಿದ್ದ. ಪರೀಕ್ಷೆಯಲ್ಲಿಯೂ ಹಾಗೆಯೇ ಬರೆದ, ಅಂಕ ಹೋಯಿತು. ಕುರುಗೋಡಿನ ಹುಡುಗಿ ಬರೆದದ್ದು ಇಷ್ಟೇ: ‘ಇಡಿಯಾಗಿ ಅಲ್ಲ, ಮೂರು ಆಂಧ್ರಕ್ಕೆ.’

ಕನ್ನಡದಲ್ಲಿ ಕ್ರಿಯೆಯೂ ನಿಷೇಧವೂ ಸಾಮಾನ್ಯವಾಗಿ ವಾಕ್ಯದ ತುದಿಯಲ್ಲಿ ಬರುತ್ತವೆ. ಆದುದರಿಂದ ವಾಕ್ಯ ಮುಗಿಯುವತನಕ ಲೇಖನಿಯನ್ನು ತಡೆಯಬೇಕು. ‘ಅಂದರೆ’, ‘ಆದರೆ’ಗಳ ಬೆನ್ನಿಗೆ ಬರುವ ಮಾತನ್ನೂ, ಉಪನ್ಯಾಸಕರು ಮತ್ತೆ ಮತ್ತೆ ಮರಳುವ ಪದವನ್ನೂ ಹಿಡಿಯಬೇಕು. ತಾರೀಖು ಪುಸ್ತಕದಲ್ಲಿ ಸಿಕ್ಕೀತು. ನನ್ನಂಥ ಮೇಷ್ಟರ ಉದ್ದುದ್ದ ಸಂಸ್ಕೃತ ಸಮಾಸಗಳನ್ನು ಬಿಟ್ಟರೂ ನಷ್ಟವಿಲ್ಲ.

ಆ ಹುಡುಗ ಆಮೇಲೆ ಪ್ರತಿ ಹಾಳೆಯ ಅಂಚಿನಲ್ಲಿ ‘ಅಲ್ಲ’ಗಳಿಗೆಂದೇ ಜಾಗ ಬಿಡುತ್ತಿದ್ದ.