ಟೂರ್ ಹೊರಟ ವೀಗನ್ನರ ಬೆನ್ನು ಬಿಡದ ನಂಬಿಕೆಗಳು

ಔಷಧ ಕಂಪನಿಯ ಪ್ರತಿನಿಧಿಗಳು, ಬ್ಯಾಂಕ್ ಆಡಿಟ್‌ನವರು, ಸಾಫ್ಟ್‌ವೇರ್‌ನವರು, ಹೀಗೆ ಕೆಲಸಕ್ಕಾಗಿ ಊರೂರು ಅಲೆಯುವವರಲ್ಲಿ ಮಾಂಸ-ಮೊಟ್ಟೆಯ ಜೊತೆಗೆ ಹಾಲು, ತುಪ್ಪ, ಜೇನನ್ನೂ ಬಿಟ್ಟ ವೀಗನ್ನರು ಈಗ ಅಲ್ಲೊಬ್ಬರು ಇಲ್ಲೊಬ್ಬರು ಕಾಣಸಿಗುತ್ತಾರೆ. ಅವರಿಗೆ ಸಿಗುವ ಉಪದೇಶ ಮಾತ್ರ ಎಲ್ಲೆಡೆ ಒಂದೇ: “ಟೂರ್ ಮುಗಿಯೋವರೆಗೆ ಊಟದ ನೇಮ, ವ್ಯಾಯಾಮ ಎಲ್ಲ ಪಕ್ಕಕ್ಕಿಡಿ, ಮನೆಗೆ ಬಂದಮೇಲೆ ನೋಡ್ಕೊಂಡ್ರಾಯ್ತು.” ಈ ಉಪದೇಶದ ಹಿಂದಿರುವ ನಂಬಿಕೆಗಳಲ್ಲಿ ಹೆಚ್ಚಿನವು ಪೊಳ್ಳು.

“ಶುದ್ಧ ಸಸ್ಯಾಹಾರಿ ಹೋಟೆಲಾದರೆ ಯೋಚನೆಯೇ ಇಲ್ಲ”

ಯೋಚನೆ ಶುರುವಾಗುವುದೇ ಅಲ್ಲಿ. ಆ ಬೋರ್ಡು ಮಾಂಸ, ಮೀನು, ಮೊಟ್ಟೆ ಇಲ್ಲ ಎನ್ನುತ್ತದೆಯೇ ಹೊರತು ಹಾಲಿನ ಮಾತೆತ್ತುವುದಿಲ್ಲ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯೂ ಅಷ್ಟೇ. ಹಾಲು, ಬೆಣ್ಣೆ, ಜೇನು ಇದ್ದರೂ ಚುಕ್ಕೆ ಹಸಿರೇ. ವೀಗನ್ ಆಹಾರಕ್ಕೆಂದೇ ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ಪ್ರತ್ಯೇಕ ನಿಯಮ ತಂದಿದೆ, ಅದಕ್ಕೆ ಹಸಿರು ‘ವಿ’ ಅಕ್ಷರದ ಬೇರೆಯೇ ಗುರುತಿದೆ. ಆ ಗುರುತಿಲ್ಲದ ಬಿಸ್ಕತ್ತು, ಬ್ರೆಡ್ಡುಗಳ ಪೊಟ್ಟಣದಲ್ಲಿ ಅಲರ್ಜಿಯ ಸಾಲನ್ನು ಓದಬೇಕು. ಹಾಲಿದ್ದರೆ ಅಲ್ಲಿ ಬರೆದೇ ಇರುತ್ತದೆ.

ದರ್ಶಿನಿಯ ಕೌಂಟರಿನಲ್ಲಿ ಓದಲು ಏನೂ ಇರುವುದಿಲ್ಲ, ಕೇಳಿಯೇ ತಿಳಿಯಬೇಕು. ಅಕ್ಕಿ ಇಡ್ಲಿ ಸರಿ. ರವೆ ಇಡ್ಲಿಯ ಹಿಟ್ಟು ಕಲಸುವುದೇ ಮೊಸರಿನಲ್ಲಿ. ಉದ್ದಿನ ವಡೆ ಸರಿ, ಪೊಂಗಲ್ ತುಪ್ಪದಲ್ಲೇ ಮುಳುಗಿರುತ್ತದೆ. ಚಿತ್ರಾನ್ನ, ಪುಳಿಯೋಗರೆಗೆ ಸಾಮಾನ್ಯವಾಗಿ ಎಣ್ಣೆಯ ಒಗ್ಗರಣೆ; ಬಿಸಿಬೇಳೆಬಾತಿಗೆ ಮೇಲಿನಿಂದ ತುಪ್ಪ ಸುರಿಯದಿದ್ದರೆ ಭಟ್ಟರಿಗೆ ಸಮಾಧಾನವಿಲ್ಲ. ಕೇಸರಿಬಾತಿನ ಬಗ್ಗೆ ಕೇಳುವುದೇ ಬೇಡ. ದೋಸೆ ಹಿಟ್ಟಿನಲ್ಲಿ ತಂಟೆಯಿಲ್ಲ, ಕಾವಲಿಯ ಮೇಲೆ ಏನು ಸವರುತ್ತಾರೆ ಎಂಬುದನ್ನು ನಿಂತು ನೋಡಬೇಕು. “ಹಾಲಿನ ಪದಾರ್ಥ ಇದೆಯಾ?” ಎಂದು ಒಟ್ಟಾರೆ ಕೇಳಿದರೆ “ಇಲ್ಲ ಸಾರ್, ಬರೀ ಬೆಣ್ಣೆ” ಎಂಬ ಉತ್ತರ ಬರುವ ಸಾಧ್ಯತೆ ದಂಡಿಯಾಗಿದೆ. ಹಾಲು, ಮೊಸರು, ಬೆಣ್ಣೆ, ತುಪ್ಪ, ಪನೀರ್ ಎಂದು ಒಂದೊಂದನ್ನೂ ಹೆಸರು ಹಿಡಿದೇ ಕೇಳಬೇಕು.

ವಿಮಾನದಲ್ಲೂ ಇದೇ ಗೊಂದಲ. ‘ಎವಿಎಂಎಲ್’ ಎಂಬ ಸಂಕೇತದ ಭಾರತೀಯ ಸಸ್ಯಾಹಾರಿ ಊಟದಲ್ಲಿ ಹಾಲಿನ ಪದಾರ್ಥ ಇರಬಹುದು. ಹಾಲಿಲ್ಲದ ಊಟಕ್ಕೆ ಹೆಚ್ಚಿನ ಅಂತರರಾಷ್ಟ್ರೀಯ ವಿಮಾನಗಳಲ್ಲಿ ‘ವಿಜಿಎಂಎಲ್’ ಎಂಬುದನ್ನು ಕನಿಷ್ಠ 24 ತಾಸು ಮೊದಲೇ ಆಯ್ಕೆ ಮಾಡಿರಬೇಕು. ಜೈನ ಊಟ ಆರಿಸಿಕೊಂಡರೆ ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆಗೆಣಸು ತಪ್ಪುತ್ತವೆ, ಹಾಲೂ ತಪ್ಪುತ್ತದೆಂದು ನಂಬಿ ಕೂರುವಂತಿಲ್ಲ.

“ದೊಡ್ಡ ಹೋಟೆಲಿನಲ್ಲಿ ಸುಲಭ, ಸಣ್ಣ ಊರಿನಲ್ಲಿ ಕಷ್ಟ”

ನನ್ನ ಮಟ್ಟಿಗೆ ಇದು ತಿರುಗುಮುರುಗು. ತಾರಾ ಹೋಟೆಲಿನ ಬಫೆಯಲ್ಲಿ ಸೂಪಿಗೆ ಕ್ರೀಮು, ದಾಲ್‌ಗೆ ಬೆಣ್ಣೆ, ನಾನ್ ಹಿಟ್ಟಿಗೆ ಮೊಸರು. ಕೊನೆಗೆ ತಟ್ಟೆಯಲ್ಲಿ ಉಳಿಯುವುದು ಸೌತೆಕಾಯಿ. ಅದೇ ಹುಬ್ಬಳ್ಳಿ, ವಿಜಯಪುರ, ಕಲಬುರಗಿಯ ಯಾವುದಾದರೂ ಖಾನಾವಳಿಗೆ ಹೋಗಿ ನೋಡಿ: ಜೋಳದ ರೊಟ್ಟಿ, ಎಣ್ಣೆಗಾಯಿ, ಕಾಳು ಪಲ್ಯ, ಶೇಂಗಾ ಹಿಂಡಿ, ಅಗಸಿ ಚಟ್ನಿಪುಡಿ. ಮೊಸರಿನ ಬಟ್ಟಲು, ಮಜ್ಜಿಗೆಯನ್ನು ಪಕ್ಕಕ್ಕೆ ಸರಿಸಿದರೆ ಉಳಿದದ್ದೆಲ್ಲ ಸಾಮಾನ್ಯವಾಗಿ ವೀಗನ್. ಮಾಡಿದವರಿಗೆ ಆ ಹೆಸರೇ ಗೊತ್ತಿರಲಿಕ್ಕಿಲ್ಲ. ಮಂಡ್ಯ, ಹಾಸನದ ಕಡೆಯ ಮುದ್ದೆ-ಸೊಪ್ಪಿನ ಸಾರು, ಕರಾವಳಿಯ ನೀರುದೋಸೆಯೂ ಇದೇ ಜಾತಿ. ಕಡಕ್ ರೊಟ್ಟಿ, ಚಟ್ನಿಪುಡಿ ಕಟ್ಟಿಕೊಂಡರೆ ವಾರಗಟ್ಟಲೆ ಕೆಡುವುದಿಲ್ಲ. ಪ್ರಯಾಣಕ್ಕೆ ಇದಕ್ಕಿಂತ ಅನುಕೂಲದ ತಿನಿಸನ್ನು ನಾನಂತೂ ಕಂಡಿಲ್ಲ.

ಹೊರದೇಶದಲ್ಲಿ ಎಚ್ಚರ ಬೇರೆ ಬಗೆಯದು. ಜಪಾನಿನಲ್ಲಿ ತರಕಾರಿ ಸಾರಿನ ತಳದಲ್ಲೂ ಹೆಚ್ಚಾಗಿ ದಾಶಿ ಎಂಬ ಒಣಮೀನಿನ ಕಟ್ಟು ಇರುತ್ತದೆ, ಥಾಯ್ಲೆಂಡಿನ ಪಲ್ಯಗಳಿಗೆ ಮೀನಿನ ಸಾಸ್ ಬೀಳುತ್ತದೆ.

“ಹಾಲಿಲ್ಲದೆ ಮೈಗೆ ಕಸುವೆಲ್ಲಿಂದ?”

ಗರಡಿಮನೆಯ ಪೈಲ್ವಾನರ ಹಾಲು, ತುಪ್ಪ, ಬಾದಾಮಿಯ ಕತೆ ಕೇಳಿ ಬೆಳೆದ ನಾಡಿದು, ಅನುಮಾನ ಸಹಜ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ನಿಗದಿಪಡಿಸಿದಂತೆ ವಯಸ್ಕರಿಗೆ ದಿನಕ್ಕೆ ಬೇಕಾದ ಪ್ರೋಟೀನು ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ. ಅಂದರೆ 60 ಕಿಲೋ ತೂಗುವವರಿಗೆ ಸುಮಾರು 50 ಗ್ರಾಂ. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ ಇನ್ನೂ ಬೇಕು, ನಿಜ. ಆದರೆ ಬ್ಯಾಗಿನ ಜೇಬಿನಲ್ಲಿರುವ 50 ಗ್ರಾಂ ಶೇಂಗಾದಲ್ಲೇ 12-13 ಗ್ರಾಂ ಇದೆ. ಹುರಿಗಡಲೆ 100 ಗ್ರಾಮಿಗೆ ಸುಮಾರು 20 ಗ್ರಾಂ ಕೊಡುತ್ತದೆ. ಬರೀ ಇಡ್ಲಿ-ಚಟ್ನಿ, ಅನ್ನ-ತಿಳಿಸಾರಿನಲ್ಲಿ ದಿನ ದೂಡಿದರೆ ಮಾತ್ರ ಕೊರತೆ ಬೀಳುತ್ತದೆ.

ಧಾನ್ಯ ಮತ್ತು ಬೇಳೆ ಒಂದೇ ಊಟದಲ್ಲಿ ಇರಲೇಬೇಕೆಂಬ ಮಾತಿಗೂ ಆಧಾರವಿಲ್ಲ. 1971ರ ತಮ್ಮ ಪುಸ್ತಕದಲ್ಲಿ ಇದನ್ನು ಜನಪ್ರಿಯಗೊಳಿಸಿದ ಅಮೆರಿಕದ ಲೇಖಕಿ ಫ್ರಾನ್ಸಿಸ್ ಮೂರ್ ಲಾಪೆ, 1981ರ ಆವೃತ್ತಿಯಲ್ಲಿ ತಾವೇ ತಿದ್ದಿಕೊಂಡರು. ಬೆಳಿಗ್ಗೆ ರೊಟ್ಟಿ, ರಾತ್ರಿ ಕಾಳು ತಿಂದರೂ ದೇಹ ಲೆಕ್ಕ ಹೊಂದಿಸಿಕೊಳ್ಳುತ್ತದೆ.

“ಹುದುಗಿದ ಇಡ್ಲಿಯಲ್ಲಿ ಬಿ12 ಇದೆ, ಮಾತ್ರೆ ಯಾಕೆ?”

ಇಲ್ಲಿ ಎಡವುವವರು ವೀಗನ್ನರೇ. ಬಿ12 ಜೀವಸತ್ವವನ್ನು ತಯಾರಿಸುವುದು ಸೂಕ್ಷ್ಮಜೀವಿಗಳು ಹೌದು, ಆದರೆ ಇಡ್ಲಿ ಹಿಟ್ಟನ್ನಾಗಲಿ ಸ್ಪಿರುಲಿನಾ ಎಂಬ ಪಾಚಿಪುಡಿಯನ್ನಾಗಲಿ ನೆಚ್ಚಿಕೊಳ್ಳುವಂತಿಲ್ಲ. ಸ್ಪಿರುಲಿನಾದಲ್ಲಿರುವುದು ಹೆಚ್ಚಾಗಿ ದೇಹಕ್ಕೆ ಒದಗದ ನಕಲಿ ರೂಪ. ಯಕೃತ್ತಿನಲ್ಲಿರುವ ದಾಸ್ತಾನು ಕೆಲವು ವರ್ಷ ಬರುವುದರಿಂದ “ನನಗೇನೂ ಆಗಿಲ್ಲ” ಎಂಬ ಧೈರ್ಯ ಮೋಸ ಮಾಡುತ್ತದೆ. ಆಮೇಲೆ ಕಾಣಿಸಿಕೊಳ್ಳುವ ಸುಸ್ತು, ಪಾದದ ಜೋಮನ್ನು ಪ್ರಯಾಣದ ದಣಿವೆಂದು ತಳ್ಳಿಹಾಕುವುದು ಸುಲಭ. ಬ್ರಿಟನ್ನಿನ ವೀಗನ್ ಸೊಸೈಟಿ ಹೇಳುವುದು ದಿನಕ್ಕೆ ಕನಿಷ್ಠ 10 ಮೈಕ್ರೋಗ್ರಾಂ, ಇಲ್ಲವೇ ವಾರಕ್ಕೆ 2000. ವಾರದ ಮಾತ್ರೆ ಇಷ್ಟು ದೊಡ್ಡದಿರಲು ಕಾರಣವಿದೆ: ಕರುಳು ಒಂದು ಸಲಕ್ಕೆ ಸರಿಯಾಗಿ ಹೀರಿಕೊಳ್ಳುವುದು ಒಂದೆರಡು ಮೈಕ್ರೋಗ್ರಾಂ ಮಾತ್ರ, ಉಳಿದದ್ದರಲ್ಲಿ ಒಳಹೋಗುವುದು ನೂರಕ್ಕೆ ಒಂದು ಪಾಲಿನಷ್ಟು. ಊರೂರು ಅಲೆಯುವವರಿಗೆ ವಾರದ ಮಾತ್ರೆಯೇ ವಾಸಿ. ಈಗಾಗಲೇ ಜೋಮು ಇದ್ದರೆ ರಕ್ತಪರೀಕ್ಷೆ ಮಾಡಿಸಿ ವೈದ್ಯರನ್ನು ಕಾಣಬೇಕು.

“ಜಿಮ್ ಇಲ್ಲದಿದ್ದರೆ ಮಾಡಿದ್ದೆಲ್ಲ ನೀರುಪಾಲು”

ಎರಡು-ಮೂರು ವಾರ ಭಾರ ಎತ್ತದಿದ್ದರೂ ಸ್ನಾಯುಬಲ ಅಷ್ಟಾಗಿ ಕುಗ್ಗುವುದಿಲ್ಲ. ಅದಕ್ಕಿಂತ ಬೇಗ ಇಳಿಯುವುದು ದಮ್ಮು. ಆದ್ದರಿಂದ ಲಾಡ್ಜಿನಲ್ಲಿ ಡಂಬೆಲ್ ಹುಡುಕುವ ಬದಲು ಲಿಫ್ಟ್ ಬಿಟ್ಟು ಮೆಟ್ಟಿಲು ಬಿರುಸಾಗಿ ಹತ್ತುವುದೇ ಸರಿ. ವಿಶ್ವ ಆರೋಗ್ಯ ಸಂಸ್ಥೆ ವಾರಕ್ಕೆ 150ರಿಂದ 300 ನಿಮಿಷದ ಮಧ್ಯಮ ವ್ಯಾಯಾಮ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ಕಸರತ್ತು ಹೇಳುತ್ತದೆ. ಒಂದೇ ಸಮನೆ ಹತ್ತು ನಿಮಿಷವಾದರೂ ಮಾಡಿದರಷ್ಟೇ ಲೆಕ್ಕ ಎಂಬ ಹಳೆಯ ಷರತ್ತನ್ನು 2020ರಲ್ಲಿ ಕೈಬಿಟ್ಟಿದೆ. ಬಸ್ ನಿಲ್ದಾಣದಲ್ಲಿ ಕಾಯುತ್ತ ಬೀಸುಗಾಲಿನಲ್ಲಿ ನಡೆದದ್ದೂ ಸೇರುತ್ತದೆ.

ಆ ಎರಡು ದಿನದ ಕಸರತ್ತಿಗೆ ನಮ್ಮ ಗರಡಿಯ ದಂಡ, ಬಸ್ಕಿ ಸಾಕು. ಎರಡು ಮಂಚಗಳ ನಡುವೆ ಒಬ್ಬರು ಮೈಚಾಚುವಷ್ಟು ಜಾಗವಿದ್ದರೆ ಆಯಿತು. ದಂಡದಲ್ಲಿ ಎದೆ, ಭುಜ, ತೋಳು. ಬಸ್ಕಿಯಲ್ಲಿ ತೊಡೆ, ಪೃಷ್ಠ. ಬೆನ್ನಿಗೆ ಮಾತ್ರ ಇವೆರಡರಲ್ಲಿ ಎಳೆಯುವ ಕೆಲಸವಿಲ್ಲ. ಅದಕ್ಕೆ ರಬ್ಬರಿನ ಪಟ್ಟಿಯೊಂದು ಬ್ಯಾಗಿನಲ್ಲಿರಲಿ. ಮೊಣಕಾಲು ನೋವಿದ್ದವರು ಬಸ್ಕಿಯನ್ನು ಕುರ್ಚಿಯ ಎತ್ತರಕ್ಕೇ ನಿಲ್ಲಿಸಬಹುದು. ರಾತ್ರಿಯಿಡೀ ಬಸ್ಸಿನಲ್ಲಿ ನಿದ್ದೆಗೆಟ್ಟ ದಿನ ಎರಡನ್ನೂ ಬಿಟ್ಟು ಸಂಜೆ ಒಂದು ಸುತ್ತು ನಡೆದರೆ ಸಾಕು.