ಗುಡ್ಡದ ದಾರಿಗೆ ಯಾವ ಬೈಕ್: ಟೂ-ಸ್ಟ್ರೋಕಾ, ಫೋರ್-ಸ್ಟ್ರೋಕಾ?

ನ್ಯಾಮತಿ ಸುತ್ತಲಿನ ನಮ್ಮ ಹುಡುಗರಿಗೆ ಈಗ ಡಾಂಬರು ರಸ್ತೆ ಸಾಕಾಗುತ್ತಿಲ್ಲ. ಅಡಿಕೆ ತೋಟದ ದಾರಿ, ಕೆರೆ ಏರಿ, ಬೆಳಗುತ್ತಿ ಕಡೆಯ ಕಲ್ಲು ಹಾದಿಯಲ್ಲಿ ಓಡುವ ಬೈಕ್ ಬೇಕಂತೆ. "ಬಾಪಾ, ಹಳೇ ಆರ್‌ಎಕ್ಸ್ ಒಂದು ಸಿಗ್ತದೆ, ತಗೊಳ್ಳೋಣ" ಅಂತ ಮಗ ಕೇಳಿದರೆ, ಹೂಂ ಅನ್ನುವ ಮೊದಲು ಎರಡೂ ಇಂಜಿನ್‌ಗಳ ಗುಣ ತಿಳಿದಿರುವುದು ಒಳ್ಳೆಯದು.

ಟೂ-ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗುವಾಗ ಒಮ್ಮೆ ಪೆಟ್ರೋಲ್ ಉರಿಯುತ್ತದೆ. ಫೋರ್-ಸ್ಟ್ರೋಕ್‌ನಲ್ಲಿ ಎರಡು ಸುತ್ತಿಗೆ ಒಮ್ಮೆ. ಟೂ-ಸ್ಟ್ರೋಕ್‌ಗೆ ವಾಲ್ವ್‌ಗಳ ಗೊಡವೆಯಿಲ್ಲ, ಹಾಗಾಗಿ ಇಂಜಿನ್ ಹಗುರ, ಬಿಚ್ಚಿ ಕಟ್ಟುವುದೂ ಸುಲಭ. ಕೆಸರಲ್ಲಿ ಬಿದ್ದ ಬೈಕನ್ನು ಒಬ್ಬನೇ ಎತ್ತಬಹುದು. ವಿದೇಶಗಳಲ್ಲಿ ಕಾಡುಹಾದಿಯ ಪಂದ್ಯಗಳಿಗೆ ಇಂದಿಗೂ ಟೂ-ಸ್ಟ್ರೋಕ್ ಬೈಕ್ ಬಳಸುವುದು ಇದಕ್ಕೇ.

ನಮ್ಮಲ್ಲಿ ಲೆಕ್ಕ ಬೇರೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿಗೆ ಯೆಜ್ಡಿಯ ಕಾಲ ಮುಗಿಯಿತು. 1985ರಲ್ಲಿ ಬಂದ ಯಮಹಾ ಆರ್‌ಎಕ್ಸ್ 100 ಕೂಡ ಅದೇ ವರ್ಷ ನಿಂತಿತು. ಅಂದರೆ ಇಂದು ಸಿಗುವ ಗಾಡಿಗೆ ಕಾಲು ಶತಮಾನ ದಾಟಿದೆ. ಅಸಲಿ ಬಿಡಿಭಾಗ ಸಿಗುವುದು ಕಷ್ಟ. 15 ವರ್ಷ ದಾಟಿದ ಬೈಕಿನ ನೋಂದಣಿಯನ್ನು ಆರ್‌ಟಿಒದಲ್ಲಿ ನವೀಕರಿಸಲೇಬೇಕು. ಇಷ್ಟಾಗಿಯೂ ಆರ್‌ಎಕ್ಸ್ ರಸ್ತೆಗೆಂದು ಮಾಡಿದ ಬೈಕ್. ನೆಲದಿಂದ ಎತ್ತರ ಕಡಿಮೆ, ಬ್ರೇಕ್ ಡ್ರಮ್ಮಿನದು.

ಇಳಿಜಾರಿನಲ್ಲಿ ಇನ್ನೊಂದು ವ್ಯತ್ಯಾಸ ಗೊತ್ತಾಗುತ್ತದೆ. ಎಕ್ಸಲರೇಟರ್ ಬಿಟ್ಟರೆ ಫೋರ್-ಸ್ಟ್ರೋಕ್ ಇಂಜಿನ್ನೇ ಬೈಕನ್ನು ಹಿಡಿದಿಡುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಆ ಹಿಡಿತ ತೀರಾ ಕಮ್ಮಿ, ಭಾರವೆಲ್ಲ ಬ್ರೇಕಿನ ಮೇಲೆ. ಮಳೆಗಾಲದ ಜಾರು ಮಣ್ಣಲ್ಲಿ ಹೊಸಬರು ಬೀಳುವುದು ಇಲ್ಲೇ. ಜೊತೆಗೆ ಟೂ-ಟಿ ಆಯಿಲ್ ಖಾಲಿಯಾದದ್ದು ಗಮನಕ್ಕೆ ಬಾರದಿದ್ದರೆ ಪಿಸ್ಟನ್ ಹಿಡಿದುಕೊಂಡು, ಓಡುತ್ತಿರುವಾಗಲೇ ಹಿಂದಿನ ಚಕ್ರ ಲಾಕ್ ಆಗಬಹುದು.

ಫೋರ್-ಸ್ಟ್ರೋಕ್‌ನ ಕೊರತೆ ಭಾರ. 2019ರಲ್ಲಿ ಬಂದ ಹೀರೊ ಎಕ್ಸ್‌ಪಲ್ಸ್ 200 ಸುಮಾರು 155 ಕೆ.ಜಿ. ತೂಗುತ್ತದೆ. ಆರ್‌ಎಕ್ಸ್ 100 ಆದರೆ ಹತ್ತಿರ ಹತ್ತಿರ 100 ಕೆ.ಜಿ. ಆದರೆ ಎಕ್ಸ್‌ಪಲ್ಸ್‌ಗೆ ನೆಲದಿಂದ 220 ಮಿ.ಮೀ. ಎತ್ತರ, ಮುಂದೆ 21 ಇಂಚಿನ ಚಕ್ರ, ಡಿಸ್ಕ್ ಬ್ರೇಕ್ ಇವೆ. ಮಣ್ಣುಹಾದಿಯಿಂದ ಬಂದು ಅದೇ ಬೈಕಲ್ಲಿ ಹೊನ್ನಾಳಿಗೋ ಶಿವಮೊಗ್ಗಕ್ಕೋ ಹೋಗಬಹುದು, ಮೈಲೇಜೂ ಸಿಗುತ್ತದೆ. 2015ರಲ್ಲಿ ಡಾಕರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯ, ಬೆಂಗಳೂರಿನ ಸಿ.ಎಸ್. ಸಂತೋಷ್ ಓಡಿಸಿದ್ದೂ ಫೋರ್-ಸ್ಟ್ರೋಕ್ ಬೈಕನ್ನೇ.

ಹಾಗಾಗಿ ಮನೆಗೆ ಒಂದೇ ಬೈಕ್, ಓಡಿಸುವವ ಹೊಸಬ ಅಂತಾದರೆ ಫೋರ್-ಸ್ಟ್ರೋಕ್ ತಗೊಳ್ಳಿ. ಇಂಜಿನ್ ಕೆಲಸ ಬಲ್ಲವನಿಗೆ, ಮನೆಯಲ್ಲಿ ಇನ್ನೊಂದು ಗಾಡಿ ಇದ್ದವನಿಗೆ ಟೂ-ಸ್ಟ್ರೋಕ್ ಸರಿ. ಹೊರದೇಶದಿಂದ ಬರುವ ಪಂದ್ಯದ ಡರ್ಟ್ ಬೈಕ್‌ಗಳಿಗೆ ನಂಬರ್ ಪ್ಲೇಟ್ ಸಿಗುವುದಿಲ್ಲ, ರಸ್ತೆಗೆ ಇಳಿಸುವಂತಿಲ್ಲ. ಯಾವ ಬೈಕೇ ಆಗಲಿ, ಅನುಮತಿ ಇಲ್ಲದೆ ಮೀಸಲು ಅರಣ್ಯಕ್ಕೆ ನುಗ್ಗಿದರೆ ಕೇಸು.

ಕೊನೆಯ ಮಾತು ಬಾಪ-ಉಮ್ಮಂದಿರಿಗೆ. ಗೇರ್ ಬೈಕ್ ಲೈಸೆನ್ಸಿಗೆ 18 ತುಂಬಿರಬೇಕು. ಅದಕ್ಕೂ ಮೊದಲು ಕೀ ಕೊಟ್ಟು ಸಿಕ್ಕಿಬಿದ್ದರೆ, 2019ರ ತಿದ್ದುಪಡಿ ಪ್ರಕಾರ ಪೋಷಕರಿಗೆ 25,000 ರೂ. ದಂಡ, ಮೂರು ವರ್ಷದವರೆಗೆ ಜೈಲು. ಬೈಕಿನ ಬಜೆಟ್ ಹಾಕುವಾಗ ಹೆಲ್ಮೆಟ್, ಬೂಟು, ಮೊಣಕಾಲಿನ ಗಾರ್ಡ್‌ಗೆ ಮೊದಲು ದುಡ್ಡು ತೆಗೆದಿಡಿ. ಉಳಿದದ್ದರಲ್ಲಿ ಬೈಕ್ ನೋಡಿ.